ಹಡಗಿಗೆ ಎಷ್ಟು, ಸೊರಬಕ್ಕೆ ಎಷ್ಟು

ಸಾಮಾನು ಕಟ್ಟುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಬಳಗದಲ್ಲಿ ಇಲ್ಲ. ನೌಕರಿಯ ಕಾಲದಲ್ಲಿ ಒಂಬತ್ತು ಸಲ ವರ್ಗವಾಯಿತು. ಒಂಬತ್ತು ಸಲವೂ ಲಾರಿ ಬಂದು ನಿಲ್ಲುವ ಹೊತ್ತಿಗೆ ನನ್ನ ಪೆಟ್ಟಿಗೆಗಳು ನಂಬರು ಬರೆಸಿಕೊಂಡು ಬಾಗಿಲ ಬಳಿ ಸಾಲಾಗಿ ಕೂತಿರುತ್ತಿದ್ದವು. ಯಾವುದರಲ್ಲಿ ಜರಡಿ ಇದೆ, ಯಾವುದರಲ್ಲಿ ಲಟ್ಟಣಿಗೆ ಇದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಹೊಗಳಿದವರಿಗೆ ನಾನು ಹೇಳುತ್ತಿದ್ದುದು ಇಷ್ಟೇ: ಇದು ಕಲಿತ ವಿದ್ಯೆ, ಹುಟ್ಟುಗುಣ ಅಲ್ಲ. ಕಲಿತದ್ದು ಶಿಕಾರಿಪುರದ ಬಾಡಿಗೆ ಮನೆಯಲ್ಲಿ, ಹತ್ತು ವರ್ಷದವಳಿದ್ದಾಗ, ಅಪ್ಪ ಹೇಳಿದ್ದನ್ನು ಬರೆದುಕೊಳ್ಳುತ್ತ. ಆ ಬೇಸಿಗೆಯಲ್ಲಿ ನಮ್ಮ ಮನೆಯ ಒಂದೊಂದು ವಸ್ತುವೂ ತಕ್ಕಡಿ ಹತ್ತಿ ಇಳಿಯಿತು. ಕೊನೆಗೆ ಮನುಷ್ಯರ ಸರದಿಯೂ ಬಂತು.

ಅಪ್ಪ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಅಬಿಸೀನಿಯಾ ದೇಶದ ಶಾಲೆಗಳಿಗೆ ನಮ್ಮ ದೇಶದ ಮೇಷ್ಟ್ರುಗಳು ಬೇಕಾಗಿದ್ದಾರೆ ಎಂದು ಪತ್ರಿಕೆಯಲ್ಲಿ ಓದಿ ಅರ್ಜಿ ಹಾಕಿದ್ದರು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಯಾರಿಗೂ ಅಂದರೆ ಇದ್ದವರೇ ಇಬ್ಬರು, ಅವ್ವ ಮತ್ತು ನಾನು. ಆಯ್ಕೆಯಾದ ಕಾಗದ ಬಂದ ದಿನ ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು ಹೇಳಿದರು. ಅಪ್ಪ ಹೊಸ್ತಿಲು ದಾಟಿ ಅಡುಗೆಮನೆಯೊಳಗೆ ಬರುತ್ತಿದ್ದುದು ಊಟಕ್ಕೆ ಮಾತ್ರ. ಉಳಿದ ಮಾತೆಲ್ಲ ಹೊಸ್ತಿಲ ಮೇಲಿನಿಂದಲೇ ನಡೆಯುತ್ತಿತ್ತು. ಅವ್ವ ರೊಟ್ಟಿ ತಟ್ಟುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಅದು ಯಾವ ಕಡೆ ಐತ್ರಿ?"

"ಸಮುದ್ರದ ಆಚೆ. ಬೊಂಬಾಯಿಂದ ಹಡಗಿನಾಗೆ ಹೋಗ್ಬೇಕು."

"ಎಷ್ಟು ದಿನಕ್ಕೆ?"

"ಮೂರು ವರ್ಷದ ಕರಾರು."

"ಎಲ್ಲಾರೂ ಹೋಗೋದೇನ್ರೀ?"

"ನೋಡಾಣ" ಅಂದರು ಅಪ್ಪ.

ಆ 'ನೋಡಾಣ' ನಮ್ಮ ಮನೆಯಲ್ಲಿ ಎರಡು ತಿಂಗಳು ಉಳಿಯಿತು. ನಮ್ಮ ಓಣಿಯ ತುದಿಯಲ್ಲಿ ಹಪ್ಪಳ ಒತ್ತಿ ಬದುಕುತ್ತಿದ್ದ ಒಬ್ಬಾಕೆ ಇದ್ದಳು. ಅವಳ ಗಂಡ ರಂಗೂನಿಗೆ ವ್ಯಾಪಾರಕ್ಕೆ ಹೋಗುವಾಗ "ಮೊದಲು ನಾನು ಹೋಗಿ ಮನೆ ಮಾಡ್ತೀನಿ, ಆಮೇಲೆ ಕರೆಸ್ಕೊಳ್ತೀನಿ" ಎಂದು ಹೇಳಿ ಹೋಗಿದ್ದನಂತೆ. ಮೊದಲೆರಡು ವರ್ಷ ಕಾಗದ ಬಂದವು, ಆಮೇಲೆ ಅವೂ ಇಲ್ಲ. ಅವಳು ಮಾತ್ರ ದಿನಾ ಕುಂಕುಮ ಇಟ್ಟುಕೊಂಡು, ಬಿಸಿಲಲ್ಲಿ ಹಪ್ಪಳ ಕಾಯುತ್ತ ಕೂತಿರುತ್ತಿದ್ದಳು. ಅವ್ವ ಪ್ರತಿ ವರ್ಷ ಅವಳ ಹತ್ತಿರ ನೂರು ಹಪ್ಪಳ ಕೊಳ್ಳುತ್ತಿದ್ದಳು. ಆ ವರ್ಷ ಇನ್ನೂರು ಕೊಂಡಳು. ಹೊರದೇಶಕ್ಕೆ ಹೋಗುವವರ ಮನೆಯಲ್ಲಿ ಇನ್ನೂರು ಹಪ್ಪಳ ಯಾರಿಗೆ ಎಂದು ಅಪ್ಪ ಕೇಳಿದರು, ಅವ್ವ ಹಪ್ಪಳ ತುಂಬಿದ ಡಬ್ಬಕ್ಕೆ ಮುಚ್ಚಳ ಹಾಕಿದಳು.

ಹಡಗಿನ ಕಂಪನಿಯಿಂದ ಕಾಗದ ಬಂದ ಮೇಲೆ ಶುರುವಾಯಿತು ನೋಡಿ ತೂಕದ ಕಾಟ. ಒಬ್ಬ ಪ್ರಯಾಣಿಕನ ಜೊತೆಗೆ ಇಂತಿಷ್ಟೇ ಸಾಮಾನು ಎಂದು ಅದರಲ್ಲಿ ಪೌಂಡಿನ ಲೆಕ್ಕದಲ್ಲಿ ಬರೆದಿತ್ತು. ನಮ್ಮ ಮನೆಯ ವಸ್ತುಗಳೆಲ್ಲ ಸೇರು, ಮಣದ ಲೆಕ್ಕದಲ್ಲಿ ಬದುಕಿದಂಥವು. ಅಪ್ಪ ಪರಿಚಯದ ಕಿರಾಣಿ ಅಂಗಡಿಯಿಂದ ದೊಡ್ಡ ತಕ್ಕಡಿ ತಂದು ನಡುಮನೆಯ ತೊಲೆಗೆ ನೇತುಹಾಕಿದರು. ಶಾಲೆಗೆ ರಜೆ ಬಂದಿತ್ತು. ಬೆಳಿಗ್ಗೆ ಸ್ನಾನವಾಗಿ, ಲಿಂಗಪೂಜೆಯಾಗಿ, ನಾಷ್ಟಾ ಮುಗಿದ ಕೂಡಲೇ ತೂಕ ಶುರು. ನನ್ನ ಅಕ್ಷರ ದುಂಡಗಿದ್ದುದರಿಂದ ಪಟ್ಟಿ ಬರೆಯುವ ಕೆಲಸ ನನಗೆ ಬಂತು. ಹಳೆಯ ಲ್ಯಾಬ್ ನೋಟ್‌ಬುಕ್ಕಿನ ಹಾಳೆಗೆ ಅಪ್ಪ ಸ್ಕೇಲಿನಲ್ಲಿ ಗೆರೆ ಎಳೆದು ಮೂರು ಅಂಕಣ ಮಾಡಿಕೊಟ್ಟರು: ಹಡಗಿಗೆ, ಸೊರಬಕ್ಕೆ, ಹಂಚುವುದಕ್ಕೆ. ಸೊರಬ ಅವ್ವನ ತವರು. ಅಪ್ಪನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಮಠದ ಉಚಿತ ಹಾಸ್ಟೆಲಿನಲ್ಲಿ ಬೆಳೆದು ಓದಿದವರು. ಬಾಡಿಗೆ ಮನೆ ಬಿಟ್ಟ ಮೇಲೆ ಸಾಮಾನು ಇಡುವುದಕ್ಕೆ ಇದ್ದ ಜಾಗ ಸೊರಬ ಒಂದೇ. ನಾನು ಬಲು ಗತ್ತಿನಿಂದ ಗೋಡೆಗೆ ಒರಗಿ ಕೂತು, ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡು ಬರೆಯುತ್ತಿದ್ದೆ. ಅಂಗಡಿಯ ಗುಮಾಸ್ತರು ಹಾಗೆ ಸಿಕ್ಕಿಸಿಕೊಳ್ಳುವುದನ್ನು ನೋಡಿದ್ದೆ.

ಅಪ್ಪನಿಗೆ ಹಗುರವಾದದ್ದೆಲ್ಲ ಒಳ್ಳೆಯದು. "ನಮ್ಮ ದೇವರೇ ಬುದ್ಧಿವಂತ ನೋಡು, ಕೊರಳಾಗೇ ಇರ್ತಾನೆ. ಅವನಿಗೆ ಪೆಟ್ಟಿಗೆ ಬ್ಯಾಡ, ತೂಕ ಬ್ಯಾಡ" ಎಂದು ನಗುತ್ತಿದ್ದರು. ಮಿಕ್ಕ ಯಾವುದಕ್ಕೂ ಅಷ್ಟು ಬುದ್ಧಿ ಇರಲಿಲ್ಲ. ಬೀಸುವ ಕಲ್ಲು ತಕ್ಕಡಿಗೆ ಹತ್ತಲೇ ಇಲ್ಲ, ಹಗ್ಗ ಹರಿಯುತ್ತದೆಂದು ಹಾಗೇ ಬಿಟ್ಟರು.

"ಕಲ್ಲನ್ನ ಹಡಗಿನಾಗೆ ಹಾಕ್ಕೊಂಡು ಹೋಗೋದಾ? ಆ ದೇಶದಾಗೆ ಕಲ್ಲಿಗೇನು ಬರ ಬಂದೈತಾ?"

"ಕಲ್ಲು ಇರಬಹುದು. ಸವೆದ್ರೆ ಉಳಿ ಹಿಡಿದು ಕಟೆಯೋರು ಇರ್ತಾರೇನ್ರೀ?"

"ಹಿಟ್ಟೇ ಸಿಗುತ್ತೆ ಅಲ್ಲಿ. ಬರಕೋ ಮಗಳೇ, ಬೀಸೋ ಕಲ್ಲು, ಸೊರಬಕ್ಕೆ."

ತಾಮ್ರದ ಹಂಡೆಯೂ ಸೊರಬಕ್ಕೆ. ಹಿತ್ತಾಳೆ ಕೊಡಗಳೂ ಸೊರಬಕ್ಕೆ. ಹಿತ್ತಾಳೆ ಬೋಗುಣಿಗಳ ಮೇಲೆ ಒಂದು ಇಡೀ ಮಧ್ಯಾಹ್ನ ವಾದ ನಡೆಯಿತು. ಅವಕ್ಕೆ ಕಲಾಯಿ ಹಾಕುವವರು ಅಲ್ಲಿ ಸಿಗುವುದಿಲ್ಲ, ಕಲಾಯಿ ಇಲ್ಲದೆ ಹುಳಿ ಕುದಿಸಿದರೆ ಕಿಲುಬು ಹತ್ತುತ್ತದೆ, ಕಿಲುಬು ವಿಷ ಎಂದು ಅಪ್ಪ ವಿಜ್ಞಾನ ಹೇಳಿದರು. ಮಾರನೇ ದಿನ ಸಂತೆಯಿಂದ ಎರಡು ಅಲ್ಯುಮಿನಿಯಂ ಪಾತ್ರೆ ತಂದು ಅವ್ವನ ಮುಂದೆ ಇಟ್ಟರು. ಅವ್ವ ಒಂದನ್ನು ಬೆರಳಲ್ಲಿ ಎತ್ತಿ ನೋಡಿ, "ಇದು ಗಾಳಿಗೆ ಹಾರಿ ಹೋಗ್ತತಿ, ಮೇಲೊಂದು ಕಲ್ಲು ಇಡ್ರಿ" ಅಂದಳು. ಆದರೆ ಅಪ್ಪನ ಪುಸ್ತಕಗಳು ಮಾತ್ರ ಒಂದೂ ಬಿಡದಂತೆ ಹಡಗಿನ ಅಂಕಣಕ್ಕೆ ಬಂದವು. ಅವ್ವ ನನ್ನ ಕೈಯಲ್ಲಿ ಅವುಗಳ ತೂಕ ಕೂಡಿಸಿದಳು. ಬೋಗುಣಿಗಳಿಗಿಂತ ಹೆಚ್ಚಿತ್ತು.

"ಪುಸ್ತಕ ಅನ್ನ ಕೊಡೋದು ಕಣೇ" ಅಂದರು ಅಪ್ಪ.

"ಕೊಡ್ತಾವೆ. ಆ ಅನ್ನ ಬೇಯಿಸೋದು ಯಾವುದರಾಗೆ? ಪುಸ್ತಕದಾಗಾ?"

ನಾನು ಇದನ್ನೆಲ್ಲ ಬಹಳ ದಿನ ತಮಾಷೆ ಎಂದೇ ತಿಳಿದಿದ್ದೆ. ಒಂದು ದಿನ ಅಪ್ಪ ಹೊರಗೆ ಹೋಗಿದ್ದಾಗ ಅವ್ವ ನನ್ನನ್ನು ಒಲೆಯ ಬಳಿಗೆ ಕರೆದಳು. ಅವ್ವನಿಗೆ ಅಂಗಡಿ ಚೀಟಿ ಓದುವಷ್ಟು ಅಕ್ಷರ ಬರುತ್ತಿತ್ತು, ಅಪ್ಪನ ಅಂಕಣಗಳು ಬರುತ್ತಿರಲಿಲ್ಲ.

"ಹಡಗಿಂದು ಓದು, ನೀಲಾ."

ಓದಿದೆ. ಟ್ರಂಕು, ಪುಸ್ತಕದ ಪೆಟ್ಟಿಗೆ, ಅಲ್ಯುಮಿನಿಯಂ ಪಾತ್ರೆ, ಲಾಟೀನು, ಛತ್ರಿ.

"ಹಾಸಿಗೆ ಎಷ್ಟು ಬರಸ್ಯಾರೆ?"

"ಒಂದು ಸುರುಳಿ."

"ತಟ್ಟೆ?"

"ಎರಡು."

"ಒಂದು ಉಣ್ಣೋಕೆ, ಒಂದು ಮುಚ್ಚೋಕೆ" ಅಂದಳು ಅವ್ವ, ಯಾರಿಗೋ ಲೆಕ್ಕ ಒಪ್ಪಿಸುವವಳ ಹಾಗೆ. ಬರೆದವಳು ನಾನೇ ಆದರೂ ಅಲ್ಲಿಯವರೆಗೆ ನನಗೆ ಅದು ಹೊಳೆದಿರಲಿಲ್ಲ. ಅಪ್ಪ ಒಬ್ಬರೇ ಹೋಗುವವರಿದ್ದರು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲದೆ ಹಂಡೆ, ಕೊಡ, ಕಲ್ಲು ಎಂದು ಒಂದೊಂದೇ ತೆಗೆದು ಬದಿಗಿಡುತ್ತಿದ್ದರು. ಅವ್ವ ಅಷ್ಟು ದಿನ ಹಂಡೆಗಾಗಿ ಜಗಳ ಆಡುತ್ತಿದ್ದಳೆಂದು ನಾನು ತಿಳಿದಿದ್ದೆ. ಅವಳು ಆಡುತ್ತಿದ್ದುದು ತನಗೊಂದು ಜಾಗಕ್ಕಾಗಿ.

ಇಲ್ಲಿ ಅವ್ವನ ಪಾತ್ರೆಗಳ ವಿಷಯ ಹೇಳಬೇಕು. ನಡುಮನೆಯ ಗೋಡೆಗೆ ಎತ್ತರದಲ್ಲಿ ಒಂದು ಹಲಗೆ ಇತ್ತು, ನಾಗಂದಿಗೆ ಅನ್ನುತ್ತಿದ್ದೆವು. ಅದರ ಮೇಲೆ ಅವ್ವನ ಮದುವೆಗೆ ತವರಿನವರು ಕೊಟ್ಟ ಪಾತ್ರೆಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಇರುತ್ತಿದ್ದವು. ಒಂದೊಂದರ ಕಂಠದ ಮೇಲೂ ಚುಕ್ಕಿ ಚುಕ್ಕಿಯಾಗಿ ಕೊಟ್ಟವರ ಹೆಸರು ಕೊರೆದಿತ್ತು. ಹಬ್ಬಕ್ಕೆ ಮುಂಚೆ ಹುಣಸೆಹಣ್ಣು, ಬೂದಿ ಹಚ್ಚಿ ಬೆಳಗಿದಾಗ ಆ ಹೆಸರುಗಳೆಲ್ಲ ಎದ್ದು ಕಾಣುತ್ತಿದ್ದವು. ಅಕ್ಷರ ಕಲಿಯುವಾಗ ನಾನು ಮೊದಲು ಕೂಡಿಸಿ ಓದಿದ್ದು ಅವನ್ನೇ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ಗಾದೆ. ಆದರೆ ಹೆಣ್ಣಿನ ಜೊತೆ ಕೊಟ್ಟ ಪಾತ್ರೆಗೆ ನಮ್ಮ ಕಡೆ ಬೇರೆಯೇ ಕಟ್ಟಳೆ. ಗಂಡ ಹೆಂಡತಿಯ ಸಂಬಂಧ ಮುರಿದರೆ ಹಿರಿಯರು ಕೂತು, ತವರಿನ ಪಾತ್ರೆಗಳನ್ನು ಪಟ್ಟಿ ಮಾಡಿ, ಎಣಿಸಿ, ವಾಪಸು ಕಳಿಸುತ್ತಿದ್ದರು. ಪಾತ್ರೆ ತವರಿಗೆ ಬಂತೆಂದರೆ ಹಿಂದಿನಿಂದ ಮಗಳೂ ಬರುತ್ತಾಳೆ ಎಂದೇ ಅರ್ಥ. ಇನ್ನೊಂದು ಸಾಮಾನ್ಯ ಪದ್ಧತಿ: ಒಬ್ಬರ ಮನೆಯ ಪಾತ್ರೆಯನ್ನು ಬರಿದಾಗಿ ಹಿಂದಕ್ಕೆ ಕಳಿಸಬಾರದು. ಹಿಡಿ ಅಕ್ಕಿಯೋ, ತುಂಡು ಬೆಲ್ಲವೋ ಹಾಕಿ ಕಳಿಸಿದರೆ ಅದು ಮನೆಗಳ ನಡುವಿನ ಬಳಕೆ. ಬರಿದೇ ಕಳಿಸಿದರೆ ಬಳಕೆ ಮುಗಿಯಿತು. ಹಾಸ್ಟೆಲಿನ ಪಂಕ್ತಿಯಲ್ಲಿ ಉಂಡು ಬೆಳೆದ ಅಪ್ಪನಿಗೆ ಇದೊಂದೂ ಗೊತ್ತಿರಲಿಲ್ಲ. ಬೆಳಕಿನ ವೇಗ ಗೊತ್ತಿತ್ತು.

ಪಾತ್ರೆ ಸೊರಬಕ್ಕೆ ಕಳಿಸುವ ದಿನವನ್ನು ಅಪ್ಪನೇ ಗೊತ್ತು ಮಾಡಿದರು. ಬೆಳಿಗ್ಗೆ ಅವ್ವ ನಾಗಂದಿಗೆಯಿಂದ ಎಲ್ಲವನ್ನೂ ಇಳಿಸಿ, ಒರೆಸಿ, ಒಂದರೊಳಗೆ ಒಂದು ಕೂರಿಸಿ, ಸಂದಿಗೆ ಹುಲ್ಲು ತುರುಕಿದಳು. ನಾನು ಮಡಕೆಯಿಂದ ಅಕ್ಕಿ ತೆಗೆದುಕೊಂಡು ಬಂದೆ. ಈಸೂರಿನಿಂದ ಬರುತ್ತಿದ್ದ ಕೆಂಪಕ್ಕಿ. ಯಾರಿಗೆ ಪಾತ್ರೆ ಹಿಂದಿರುಗಿಸುವಾಗಲೂ ಅವ್ವನೇ ಹಾಗೆ ಮಾಡಿಸುತ್ತಿದ್ದಳು.

"ಅವ್ವಾ, ಅಕ್ಕಿ ಹಾಕಲಾ?"

ಅವಳು ನನ್ನ ಮುಷ್ಟಿಯನ್ನು ನೋಡಿದಳು. ಆಮೇಲೆ ಬಾಗಿಲ ಕಡೆ ನೋಡಿದಳು. ಅಪ್ಪ ಹೊರಗೆ ಕೈಗಾಡಿಯವನಿಗೆ ದಾರಿ ಹೇಳುತ್ತಿದ್ದರು.

"ಬ್ಯಾಡ. ಮಡಿಕೆಗೆ ಹಾಕಿ ಬಾ."

"ಬರೀದು ಕಳಿಸ್ಬಾರ್ದು ಅಂತೀಯಲ್ಲ?"

"ನಿಮ್ಮಪ್ಪಗೆ ತೂಕ ಜಾಸ್ತಿ ಆಗ್ತತಿ. ಹೋಗು."

ಅಪ್ಪ ಒಳಗೆ ಬಂದು ಎಲ್ಲವನ್ನೂ ಎಣಿಸಿ, ನನ್ನಿಂದ ಸೊರಬದ ಅಂಕಣದ ಪಾತ್ರೆಗಳನ್ನಷ್ಟೇ ಬೇರೆ ಹಾಳೆಗೆ ದುಂಡಗೆ ನಕಲು ಮಾಡಿಸಿದರು. ಹಂಡೆ ಒಂದು, ಕೊಡ ಎರಡು, ಬೋಗುಣಿ ಐದು, ಹೀಗೆ. ಕೆಳಗೆ ತಾವು ಸಹಿ ಹಾಕಿ, ತಾರೀಖು ಬರೆದು, ಮಡಿಚಿ, ಮೇಲಿನ ಬೋಗುಣಿಯೊಳಗೆ ಇಟ್ಟರು. ಬೇರೆ ಕಾಗದ ಬರೆಯಲಿಲ್ಲ. ಎರಡು ದಿನ ಬಿಟ್ಟು ತಾವೇ ಹೋಗಿ ವಿಷಯ ಹೇಳಿದರಾಯಿತು ಎಂದುಕೊಂಡಿದ್ದರಂತೆ. ಮಧ್ಯಾಹ್ನದ ಬಸ್ಸಿನ ತಲೆಯ ಮೇಲೆ ಗಂಟು ಕಟ್ಟಿಸಿ, ಕಂಡಕ್ಟರಿಗೆ ಸೊರಬದ ಮಾವನ ಬಟ್ಟೆ ಅಂಗಡಿಯ ಗುರುತು ಹೇಳಿ ಬಂದರು. ಬರುವಾಗ ಖುಷಿಯಾಗಿದ್ದರು. ಅರ್ಧ ಕೆಲಸ ಮುಗಿಯಿತು ಅಂದರು. ಅವ್ವ ಹೌದು ಅಂದಳು.

ಮರುದಿನ ಬೆಳಿಗ್ಗೆ ನಾನು ಎದ್ದಾಗ ಅವ್ವನ ಪೂಜೆ ಆಗಲೇ ಮುಗಿದಿತ್ತು. ಹಣೆಯ ಮೇಲೆ ವಿಭೂತಿ ಇನ್ನೂ ಹಸಿಯಾಗಿತ್ತು. ಹಬ್ಬಕ್ಕೆ ಉಡುವ ಇಳಕಲ್ ಸೀರೆ ಉಟ್ಟಿದ್ದಳು. ಒಲೆಯ ಮೇಲೆ ಬೇಳೆ ಬೇಯುತ್ತಿತ್ತು. ಮೂವರ ಮನೆಗೆ ಆರೇಳು ಜನರ ಅಡುಗೆ. ಯಾರು ಬರುತ್ತಾರೆ ಎಂದು ಕೇಳಿದೆ.

"ಬರೋರು ಬರ್ತಾರೆ. ನೀನು ತಲೆ ಬಾಚ್ಕೋ."

ಮೊದಲ ಬಸ್ಸಿಗೇ ಬಂದರು. ಮುಂದೆ ಸೊರಬದ ಮಾವ, ಅವ್ವನ ಅಣ್ಣ. ಅವನ ಹಿಂದೆ ಜಡೆ ಊರಿನ ವೀರಪ್ಪಜ್ಜ. ಅಪ್ಪ ಅವ್ವನ ಮದುವೆಗೆ ನಡುವೆ ನಿಂತು ಮಾತಾಡಿದ ಹಿರಿಯ. ಕೊನೆಯಲ್ಲಿ ಸೊರಬದ ಅಜ್ಜಿ, ಅವ್ವನ ತಾಯಿ. ಅಜ್ಜಿಯ ಕಣ್ಣು ಊದಿದ್ದವು. ಹಿಂದಿನ ಸಂಜೆ ಬಸ್ಸಿಂದ ಪಾತ್ರೆ ಇಳಿದ ಕೂಡಲೇ ಇಡೀ ಓಣಿ ಸೇರಿತ್ತಂತೆ. ಒಳಗೆ ಕೈ ಹಾಕಿ ನೋಡಿದರೆ ಒಂದು ಕಾಳು ಅಕ್ಕಿ ಇಲ್ಲ, ಬದಲಿಗೆ ಅಳಿಯನ ಸಹಿ ಇರುವ ಪಟ್ಟಿ. ಅಜ್ಜಿ ರಾತ್ರಿ ಒಲೆ ಹಚ್ಚಿರಲಿಲ್ಲ. ಇದನ್ನೆಲ್ಲ ಮಾವ ಚಪ್ಪಲಿ ಬಿಡುವುದರೊಳಗೇ ಹೇಳಿ ಮುಗಿಸಿದ. ಅಪ್ಪ ಕೈಯಲ್ಲಿ ಪುಸ್ತಕ ಹಿಡಿದು ಬನಿಯನಿನಲ್ಲಿ ನಿಂತಿದ್ದರು. ತಾವು ಏನು ಮಾಡಿದ್ದೇವೆಂದು ಅವರಿಗೆ ತಿಳಿಯಲು ಬಹಳ ಹೊತ್ತು ಹಿಡಿಯಿತು.

ನಡುಮನೆಯಲ್ಲಿ ಕಂಬಳಿ ಹಾಸಿ ಕೂತರು. ತಕ್ಕಡಿ ಇನ್ನೂ ತೊಲೆಯಲ್ಲೇ ತೂಗುತ್ತಿತ್ತು; ಮಾವ ಕೂರುವಾಗ ತಲೆಗೆ ತಾಗಿ ಇನ್ನಷ್ಟು ಸಿಟ್ಟಾದ. ಅಜ್ಜಿ ಅಳಿಯನ ಎದುರು ನೇರವಾಗಿ ಮಾತಾಡುವವಳಲ್ಲ. ಕಂಬದ ಮರೆಯಲ್ಲಿ ಕೂತು, ಹೇಳುವುದನ್ನೆಲ್ಲ ಕಂಬಕ್ಕೆ ಹೇಳುತ್ತಿದ್ದಳು. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ನನ್ನನ್ನು ಹೊರಗೆ ಹೋಗು ಎಂದು ಯಾರೂ ಹೇಳಲಿಲ್ಲ, ಹಾಗಾಗಿ ಪಟ್ಟಿಯ ನೋಟ್‌ಬುಕ್ಕನ್ನು ಎದೆಗೆ ಒತ್ತಿ ಹಿಡಿದುಕೊಂಡು ಅಲ್ಲೇ ಉಳಿದೆ.

"ಎಂತ ಮೇಷ್ಟ್ರೇ, ನಮ್ಮ ಹುಡುಗಿ ಎಂತ ತಪ್ಪು ಮಾಡ್ಯಾಳೆ?" ವೀರಪ್ಪಜ್ಜ ಮೆಲ್ಲಗೆ ಕೇಳಿದ.

"ತಪ್ಪಾ? ಏನೂ ಇಲ್ಲ ಯಜಮಾನ್ರೆ. ಸಾಮಾನು ಇಡೋಕೆ ಜಾಗ ಇರಲಿಲ್ಲ. ಹಡಗಿನೋರು ಇಷ್ಟೇ ತೂಕ ಅಂದಿದಾರೆ. ಹಿತ್ತಾಳೆ ಅಂದ್ರೆ ಎಷ್ಟು ಭಾರ..."

"ಭಾರದ ಮಾತು ಆಮೇಲೆ ಆಡಾನ. ಪಟ್ಟಿ ಬರೆದು ಸಹಿ ಹಾಕಿ ಕಳಿಸಿದ್ರಲ್ಲ, ಅದು ಎಂತಕ್ಕೆ?"

"ಕಳದು ಹೋಗಬಾರ್ದು ಅಂತ."

"ಒಂದು ಹಿಡಿ ಅಕ್ಕಿ ಗತಿ ಇರ್ಲಿಲ್ಲನ ಈ ಮನೇಲಿ?" ಅಜ್ಜಿ ಕಂಬವನ್ನು ಕೇಳಿದಳು.

ಅಪ್ಪ ಅವ್ವನ ಕಡೆ ತಿರುಗಿದರು. ಅಕ್ಕಿಯ ಸಂಗತಿ ಅಡುಗೆಮನೆಯದು, ಅವಳೇ ಹೇಳಲಿ ಅನ್ನುವ ಹಾಗೆ. ಅವ್ವ ನೆಲ ನೋಡುತ್ತಿದ್ದಳು. ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹಿಂದಿನ ದಿನ ನನ್ನ ಮುಷ್ಟಿಯಿಂದ ಅಕ್ಕಿ ವಾಪಸು ಹಾಕಿಸಿದ್ದು ಮರೆವಿನಿಂದಲ್ಲ ಎಂದು ಮುಂಜಾನೆಯ ಅಡುಗೆ ನೋಡಿದಾಗಲೇ ನನಗೆ ಗೊತ್ತಾಗಿತ್ತು. ತನ್ನ ತವರಿನವರು ಓಡಿ ಬರಲಿ ಎಂದೇ ಅವಳು ಬರಿದು ಪಾತ್ರೆ ಕಳಿಸಿದ್ದಳು. ಗಂಡನನ್ನು ಕೇಳಲಾಗದ ಪ್ರಶ್ನೆಯನ್ನು ಅವರ ಬಾಯಿಂದ ಕೇಳಿಸುವುದಿತ್ತು. ನಾನು ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಹೇಳಿದ್ದರೆ ನಾನು ಅಪ್ಪನ ಕಡೆಯವಳಾಗುತ್ತಿದ್ದೆ. ಅಷ್ಟು ಮಾತ್ರ ತಿಳಿಯಿತು.

ವೀರಪ್ಪಜ್ಜ ಎಲೆ ಅಡಿಕೆ ಹಾಕಿಕೊಂಡ. ಆಮೇಲೆ ಮಾತನ್ನು ಬೇರೆಯೇ ಕಡೆಯಿಂದ ತೆಗೆದ.

"ಹಡಗಿಗೆ ಎಷ್ಟು ಜನಕ್ಕೆ ಟಿಕೀಟು ಮಾಡ್ಸೀರಿ?"

ಅಪ್ಪ ಕೈಯಲ್ಲಿದ್ದ ಪುಸ್ತಕ ಕೆಳಗಿಟ್ಟರು. "ಸದ್ಯಕ್ಕೆ ಒಂದು."

"ಸದ್ಯಕ್ಕೆ" ಅಂದ ವೀರಪ್ಪಜ್ಜ.

"ಮೊದಲು ನಾನು ಹೋಗಿ ಮನೆ ಗಿನೆ ನೋಡಿ, ಆಮೇಲೆ ಕರೆಸ್ಕೊಳ್ಳೋದು. ಗೊತ್ತಿಲ್ಲದ ಊರು. ಹೆಂಗಸರನ್ನ ಕರಕೊಂಡು ಎಲ್ಲಿಗೆ ಅಂತ ಹೋಗ್ಲಿ?"

ಅಪ್ಪ ಕೆಟ್ಟವರಲ್ಲ. ಅವರು ಹೇಳಿದ್ದರಲ್ಲಿ ಮೋಸವೂ ಇರಲಿಲ್ಲ. ಆದರೆ ಅದೇ ಮಾತನ್ನು ನಮ್ಮ ಓಣಿಯ ಹಪ್ಪಳದಾಕೆಯಿಂದ ಎಷ್ಟೋ ಸಲ ಕೇಳಿದ್ದ ಅವ್ವ ಮೊದಲ ಸಲ ತಲೆ ಎತ್ತಿದಳು. ವೀರಪ್ಪಜ್ಜ ಅದನ್ನು ಕಂಡ.

"ಅಲ್ಲ ಮೇಷ್ಟ್ರೇ, ಒಂದು ಕೇಳ್ತೀನಿ, ಬೇಜಾರು ಮಾಡ್ಕಬೇಡಿ. ಇಷ್ಟು ದಿನ ಹಂಡೆ ತೂಗಿದ್ರಿ, ಕೊಡ ತೂಗಿದ್ರಿ. ಆಯಮ್ಮನ್ನ ಒಂದು ಮಾತು ಕೇಳಿದ್ರಾ, ನೀನು ಬರ್ತೀಯಾ ಅಂತ?"

"ಅವಳು ಹೇಳಲೇ ಇಲ್ಲ."

"ಕೇಳಿದ್ರಾ?"

ಅಪ್ಪ ತರಗತಿಯಲ್ಲಿ ಉತ್ತರ ಗೊತ್ತಿಲ್ಲದ ಹುಡುಗರು ನಿಲ್ಲುವ ಹಾಗೆ ಕೂತಿದ್ದರು. ನನಗೆ ಪಾಪ ಅನ್ನಿಸಿತು. ಈಗಲೂ ಅನ್ನಿಸುತ್ತದೆ.

"ನಿನ್ನ ಮನಸ್ಸಲ್ಲಿ ಎಂತ ಐತವ್ವಾ ಗೌರಾ?" ವೀರಪ್ಪಜ್ಜ ಅವ್ವನ ಕಡೆ ತಿರುಗಿದ.

"ನಾನೂ ಹೋಗ್ತೀನಜ್ಜ" ಅಂದಳು ಅವ್ವ. ಎಷ್ಟು ಬೇಗ ಹೇಳಿದಳೆಂದರೆ ಮಾವ ಬೆಚ್ಚಿಬಿದ್ದ. "ಪಾತ್ರೆ ಒಂದೂ ಬ್ಯಾಡ ನನಗೆ. ಆ ಹಗುರದ್ದರಾಗೇ ಬೇಯಿಸ್ತೀನಿ. ಒಬ್ಬರನ್ನೇ ಕಳಿಸಿ ಬಾಗಿಲಾಗೆ ಕೂರೋಕೆ ನನ್ನ ಕೈಲಿ ಆಗಲ್ಲ."

ಮುಗಿಯಿತು ಅನ್ನಿಸಿತು ನನಗೆ. ಸಂತೋಷದಿಂದ ನೋಟ್‌ಬುಕ್ಕು ತೆರೆದು ಹಾಸಿಗೆ ಸುರುಳಿಯ ಮುಂದಿನ ಒಂದನ್ನು ಹೊಡೆದುಹಾಕಿ ಮೂರು ಎಂದು ಬರೆದೆ. ಆಗ ಅಪ್ಪ ಹೊಸ ಮಾತು ತೆಗೆದರು. ಸೋತವರು ಏನಾದರೂ ಒಂದನ್ನು ಉಳಿಸಿಕೊಳ್ಳಬೇಕಲ್ಲ. ಅಲ್ಲಿ ಕನ್ನಡ ಶಾಲೆ ಇಲ್ಲ, ಇಂಗ್ಲಿಷ್ ಶಾಲೆ ಸಿಗುತ್ತದೋ ಇಲ್ಲವೋ ಗೊತ್ತಿಲ್ಲ, ಹುಡುಗಿ ತರಗತಿಗೆ ಮೊದಲು ಬರುವವಳು, ಮೂರು ವರ್ಷ ಹಾಳಾಗುತ್ತದೆ. ಇದೂ ನಿಜವೇ. ಕಂಬದ ಹಿಂದಿನಿಂದ ಅಜ್ಜಿಯ ಧ್ವನಿ ಬಂತು.

"ಮಗು ನಮ್ಮ ಮನೇಲಿ ಇರ್ಲಿ. ಬರೀ ಪಾತ್ರೆ ನಾನು ಇಟ್ಕಳಲ್ಲ. ಓಣಿಯೋರಿಗೆ ಎಂತ ಹೇಳ್ಲಿ? ಮಗು ಬಂತು ಅಂದ್ರೆ, ಓದೋಕೆ ಬಂದಾಳೆ, ಅದಕ್ಕೆ ಸಾಮಾನೂ ಬಂತು ಅಂತೀನಿ. ಮಗು ಇದ್ರೆ ಇವರೂ ತಿರುಗಿ ಬರ್ತಾರೆ."

ಎಲ್ಲರಿಗೂ ಇದು ಎಷ್ಟು ಸರಿ ಕಂಡಿತೆಂದರೆ ಮಾವನ ಮುಖದ ಸಿಟ್ಟು ಆಗಲೇ ಇಳಿಯಿತು. ತವರಿನ ಮಾನ ಉಳಿಯಿತು, ಅಪ್ಪನ ಮಾತೂ ಉಳಿಯಿತು, ಅವ್ವನಿಗೆ ಹಡಗೂ ಸಿಕ್ಕಿತು. ವೀರಪ್ಪಜ್ಜ ಅವ್ವನನ್ನು ಇನ್ನೊಂದು ಸಲ ಕೇಳಿದ.

"ಮಗಳನ್ನ ಬಿಟ್ಟು ಹೋಗ್ತೀಯನವ್ವಾ? ಯೋಚನೆ ಮಾಡಿ ಹೇಳು."

ಅವ್ವ ನನ್ನನ್ನು ನೋಡಿದಳು. ಈ ಸಲ ಬೇಗ ಹೇಳಲಿಲ್ಲ. ಒಳಗೆ ಬೇಳೆ ಉಕ್ಕಿ ಒಲೆಗೆ ಬಿದ್ದ ಸದ್ದು ಬಂತು, ಅವಳು ಅತ್ತ ಹೋಗಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಹೋಗ್ತೀನಿ" ಅಂದಳು.

ನನ್ನನ್ನು ಯಾರೂ ಕೇಳಲಿಲ್ಲ. ಹೆಂಡತಿಯನ್ನು ಕೇಳದ ಗಂಡನಿಗೆ ಬುದ್ಧಿ ಹೇಳಲು ಮೂವರು ಬಸ್ಸು ಹತ್ತಿ ಬಂದಿದ್ದರು, ಮಗುವನ್ನು ಕೇಳದವರಿಗೆ ಹೇಳಲು ಯಾವ ಬಸ್ಸೂ ಬರಲಿಲ್ಲ. ಆಮೇಲೆ ಎಲೆ ಹಾಕಿದರು. ಬೇಳೆ ಸ್ವಲ್ಪ ಸೀದಿತ್ತು, ಆದರೂ ಎಲ್ಲರೂ ಚೆನ್ನಾಗಿ ಉಂಡರು. ಅವ್ವ ಹೊಸ ಹಪ್ಪಳ ಕರಿದಿದ್ದಳು. ಅಜ್ಜಿ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು ತುಪ್ಪ ಹೆಚ್ಚು ಹಾಕಿಸಿದಳು. ನಾನೂ ಹೊಟ್ಟೆ ತುಂಬ ಉಂಡೆ. ದುಃಖದಲ್ಲಿ ಊಟ ಸೇರುವುದಿಲ್ಲ ಅನ್ನುತ್ತಾರೆ, ನನಗೆ ಯಾವತ್ತೂ ಹಾಗಾಗಿಲ್ಲ.

ಮುಂದಿನ ಮೂರು ವಾರ ಮನೆಯಲ್ಲಿ ಜಗಳವೇ ಇರಲಿಲ್ಲ. ಅವ್ವ ಅಪ್ಪ ಇಬ್ಬರೂ ಮೃದುವಾಗಿ ಮಾತಾಡುತ್ತಿದ್ದರು, ಮುಖ್ಯವಾಗಿ ನನ್ನ ಹತ್ತಿರ. ಹಡಗಿಗೆ ಅವ್ವ ಹಾಕಿಸಿದ್ದು ರೊಟ್ಟಿಯ ಹಂಚು, ಎರಡು ಸೀರೆ, ಒಂದು ಡಬ್ಬ ವಿಭೂತಿ, ಉಳಿದ ಹಪ್ಪಳ. ಅಷ್ಟೇ. ತೂಕ ಮಿಕ್ಕಿತು. ಬೀಸುವ ಕಲ್ಲನ್ನು ಸಹ ಹಾಕಬಹುದು ಎಂದು ಅಪ್ಪ ಒಂದು ಸಂಜೆ ತಾವಾಗಿಯೇ ಹೇಳಿದರು. ಅವ್ವ ಬೇಡ ಅಂದಳು. ನಾನು ಕೊನೆಯವರೆಗೂ ಪಟ್ಟಿ ಬರೆದೆ. ಅಕ್ಷರ ಮೊದಲಿನಷ್ಟೇ ದುಂಡಗಿತ್ತು. ಬೇಕಂತಲೇ ಹಾಗೆ ಬರೆದೆ. ಅವರು ಹೊರಟ ದಿನ ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ಅವ್ವ ನನ್ನ ಜಡೆ ಬಿಚ್ಚಿ ಮತ್ತೆ ಹೆಣೆದಳು. ಅವರ ಶಿವಮೊಗ್ಗದ ಬಸ್ಸು ಹೊರಟ ಮೇಲೆ ಮಾವ ನನ್ನನ್ನು ಸೊರಬದ ಬಸ್ಸಿಗೆ ಹತ್ತಿಸಿದ. ನಾನು ಅಳಲಿಲ್ಲ. ಬಸ್ಸು ಹತ್ತುವಾಗ ಅವ್ವ ಅತ್ತಳು. ಅದನ್ನು ನೋಡಿ ನನಗೆ ಒಳಗೊಳಗೆ ಸ್ವಲ್ಪ ತೃಪ್ತಿಯಾಯಿತು ಎಂದು ಈಗ ಹೇಳಿಕೊಳ್ಳಲು ನಾಚಿಕೆ ಇಲ್ಲ.

ಸೊರಬದಲ್ಲಿ ನನಗೆ ಕಷ್ಟವೇನೂ ಆಗಲಿಲ್ಲ. ಅಜ್ಜಿ ಅಕ್ಕಿ ರೊಟ್ಟಿಗೆ ಬೆಣ್ಣೆ ಹಾಕಿ ಕೊಡುತ್ತಿದ್ದಳು, ಮಾವ ಅಂಗಡಿಯ ಹೊಸ ಥಾನಿನಿಂದ ಲಂಗ ಹೊಲಿಸುತ್ತಿದ್ದ. ಶಾಲೆಯಲ್ಲಿ ಮೊದಲ ಸ್ಥಾನ ತಪ್ಪಲಿಲ್ಲ. ಆದರೆ ಅಲ್ಲಿ ಒಂದು ಅಭ್ಯಾಸ ಕಲಿತೆ. ಏನನ್ನೂ ಬೇಕು ಅನ್ನುವುದಿಲ್ಲ. ಜಾತ್ರೆ ಮಿಠಾಯಿ ಬೇಕಾ ಅಂದರೆ ಬೇಡ, ಹೊಸ ಸ್ಲೇಟು ಬೇಕಾ ಅಂದರೆ ಬೇಡ. ಎಷ್ಟು ಒಳ್ಳೆ ಹುಡುಗಿ ಎಂದು ಓಣಿಯವರು ಹೊಗಳುತ್ತಿದ್ದರು. ಒಳ್ಳೆತನ ಅದರಲ್ಲಿ ಕಾಳಷ್ಟೂ ಇರಲಿಲ್ಲ. ಬೇಕು ಅಂದರೆ ತಾನೆ ಇಲ್ಲ ಅನ್ನಿಸಿಕೊಳ್ಳುವ ಭಯ. ಮುಂದೆ ನೌಕರಿಯಲ್ಲಿ, ಮನೆಯಲ್ಲಿ, ಇದೇ ಗುಣ ನನಗೆ ದೊಡ್ಡ ಹೆಸರು ತಂದಿತು.

ಕರಾರು ಮುಗಿಸಿ ಅವರು ಬಂದರು. ಅಪ್ಪನ ಕೂದಲು ಅರ್ಧ ನೆರೆತಿತ್ತು. ಅವ್ವ ತೆಳ್ಳಗಾಗಿದ್ದಳು, ಕಾಲಿಗೆ ಬೂಟು ಹಾಕಿದ್ದಳು, ಆ ದೇಶದ ಭಾಷೆಯಲ್ಲಿ ಹತ್ತರವರೆಗೆ ಎಣಿಸಿ ತೋರಿಸಿ ಅಜ್ಜಿಯನ್ನು ನಗಿಸಿದಳು. ನನ್ನನ್ನು ಎದುರು ನಿಲ್ಲಿಸಿ ನನ್ನ ಎತ್ತರವನ್ನು ತನ್ನ ಭುಜಕ್ಕೆ ಅಳೆದು ನೋಡಿದಳು. ಕರಾರು ಇನ್ನೂ ಮೂರು ವರ್ಷ ಬೆಳೆದಿತ್ತು. ಅಲ್ಲಿ ಈಗ ಒಳ್ಳೆಯ ಇಂಗ್ಲಿಷ್ ಶಾಲೆ ಆಗಿದೆ ಎಂದು ಅಪ್ಪ ಹೇಳಿದರು. ಹೊರಡುವುದಕ್ಕೆ ವಾರವಿದ್ದಾಗ ಅವ್ವ ಹಿತ್ತಲಿನಲ್ಲಿ ಬಟ್ಟೆ ಹರವುತ್ತಿದ್ದ ನನ್ನ ಹತ್ತಿರ ಬಂದು ನಿಂತಳು. ಹಗ್ಗದ ಆ ಬದಿ ಅವಳು, ಈ ಬದಿ ನಾನು.

"ನೀಲಾ, ಆವಾಗ ನಿನ್ನ ಕೇಳಲಿಲ್ಲ ನಾನು. ನನ್ನನ್ನ ಕೇಳಲಿಲ್ಲ ಅಂತ ಅಷ್ಟು ಮಾಡಿದವಳು, ನಿನ್ನ ಕೇಳಲಿಲ್ಲ. ಅಲ್ಲಿ ದಿನಾ ಅದೇ ನೆನಪಾಗ್ತಿತ್ತು. ಈಗ ಕೇಳ್ತೀನಿ. ಬರ್ತೀಯಾ ನಮ್ಮ ಜೊತೆ?"

ನನಗೆ ಹೋಗಬೇಕಿತ್ತು. ಅಷ್ಟು ಆಸೆ ಆ ಮೊದಲು ಯಾವುದಕ್ಕೂ ಪಟ್ಟಿರಲಿಲ್ಲ, ಆಮೇಲೂ ಪಟ್ಟಿಲ್ಲ. ಮೂರು ವರ್ಷ ಈ ಒಂದು ಮಾತಿಗೇ ಕಾದಿದ್ದೆ. ಅವಳು ಇನ್ನೊಂದು ಸಲ ಕೇಳಿದ್ದರೆ ಹೂಂ ಅಂದುಬಿಡುತ್ತಿದ್ದೆ.

"ಬ್ಯಾಡವ್ವ, ನಾನು ಇಲ್ಲೇ ಚೆನ್ನಾಗಿದೀನಿ" ಅಂದೆ.

ಅವ್ವ ಒಂದೇ ಸಲ ಕೇಳಿದಳು.